ಕೆಳಗಿನಿಂದ ಕೇಳುವ ಮಾತು

ಪೆಟ್ಟಿಗೆ ಲಿಫ್ಟಿನೊಳಗೆ ಹಿಡಿಸಲಿಲ್ಲ. ಓರೆ ಮಾಡಿ ನೋಡಿದರು, ಎತ್ತಿ ನಿಲ್ಲಿಸಹೊರಟರು. "ನಿಲ್ಸಿ ಒಯ್ಯೋಕೆ ಅದೇನು ಬೀರುವೇನ್ರೀ?" ಎಂದು ವೆಲ್ಡರ್ ಗದರಿದ ಮೇಲೆ ಮತ್ತೆ ಮನೆಬಾಗಿಲ ಮುಂದೆ ಎರಡು ಸ್ಟೂಲಿನ ಮೇಲೆ ಇಳಿಸಿದರು. ಇನ್ನು ಮೆಟ್ಟಿಲೇ ಗತಿ. ಮೆಟ್ಟಿಲಿಗೆ ನಾಲ್ಕು ಭುಜ ಬೇಕು. ಇದ್ದದ್ದು ಮೂರು: ಪೆಟ್ಟಿಗೆಯೊಳಗಿದ್ದ ಅಪ್ಪನ ಜೊತೆ ಪೇಂಟ್ ಕಾರ್ಖಾನೆಯಲ್ಲಿ ದುಡಿದ ವೆಲ್ಡರ್, ಸ್ಟೋರ್‌ಕೀಪರ್, ಮತ್ತು ಶವದ ಗಾಡಿಯ ಡ್ರೈವರ್.

ನಾಲ್ಕನೆಯ ಭುಜ ಮೇಲಿನ ಮಹಡಿಯ ಮೆಟ್ಟಿಲ ಮೇಲೆ ಕೂತಿತ್ತು. ಆ ಮಹಡಿಯಲ್ಲೇ ಮನೆಯಿದ್ದ ಚಿಕ್ಕಪ್ಪ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು, ಅರ್ಧ ಇಳಿದು ಬಂದು ಅಲ್ಲೇ ಕೂತುಬಿಟ್ಟಿದ್ದ.

"ಬರೋದಿದ್ರೆ ಬರ್ಲಿ, ಇಲ್ದಿದ್ರೆ ಮೇಲೆ ಹೋಗಿ ಬಾಗ್ಲು ಹಾಕ್ಕೊಳ್ಲಿ," ಅಮ್ಮ ಒಳಗಿನಿಂದ, ಅವನಿಗೆ ಕೇಳುವಷ್ಟೇ ಎತ್ತರದ ದನಿಯಲ್ಲಿ ಹೇಳಿದಳು. "ಕೂತು ನೋಡೋಕೆ ಇದೇನು ನಾಟಕವಾ?"

"ಅಣ್ಣನ್ನ ನೋಡೋಕೆ ಬಂದಿದೀನಿ. ಅತ್ತಿಗೆ ಮುಖ ನೋಡೋಕಲ್ಲ," ಚಿಕ್ಕಪ್ಪ ಗೋಡೆಗೆ ಹೇಳಿದ.

ಮಗಳು ಇಬ್ಬರ ನಡುವೆ, ಹೊಸ್ತಿಲ ಮೇಲೆ ನಿಂತಿದ್ದಳು. ಎಷ್ಟೋ ವರ್ಷದಿಂದ ಅವಳು ನಿಂತದ್ದೇ ಹಾಗೆ, ಬಾಯಿಗೆ ಬೀಗ ಹಾಕಿಕೊಂಡು.

ಸ್ಟೋರ್‌ಕೀಪರ್ ಎರಡು ಮೆಟ್ಟಿಲು ಹತ್ತಿ ಸಮಾಧಾನಕ್ಕಿಳಿದ. "ಅಣ್ಣತಮ್ಮ ಅಂದ್ಮೇಲೆ ಒಂದು ಮಾತು ಬರತ್ತೆ, ಹೋಗತ್ತೆ. ಏಳಪ್ಪಾ. ಸತ್ತವನ ಮೇಲೆ ಎಂಥ ಹಟ?"

"ಬದುಕಿದ್ದಾಗ ಅವನಿಗೂ ಇತ್ತಲ್ಲ, ಆಗ ಹೇಳಬೇಕಿತ್ತು ನೀವು."

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು," ವೆಲ್ಡರ್ ಗೊಣಗಿದ. "ಅಣ್ಣಂದೂ ಅದೇ ಮೊಲ."

ಚಿಕ್ಕಪ್ಪ ಎದ್ದು ನಿಂತ. "ಭುಜ ಕೊಡ್ತೀನಿ. ಯಾಕೆ ಕೊಡಲ್ಲ? ಅವತ್ತು ಅವನು ನನ್ನನ್ನ ಕೇಳಲಿಲ್ಲ ಅಂತ ಈ ಮನೆಯವರು ಯಾರಾದ್ರೂ ನಾಲ್ಕು ಜನರ ಮುಂದೆ ಹೇಳಲಿ. ಅಷ್ಟು ಸಾಕು."

ಒಳಗೆ ಅಮ್ಮ ಎದ್ದು ನಿಂತ ಸದ್ದಾಯಿತು.

* * *

ಅಪ್ಪನ ಕೆಲಸವೆಲ್ಲ ಟ್ಯಾಂಕುಗಳ ತಳದಲ್ಲಿ. ಒಳಗಿನ ದ್ರವ ಎಷ್ಟು ಎತ್ತರಕ್ಕಿದೆಯೆಂದು ತೋರಿಸುವ ಮೀಟರುಗಳನ್ನು ಹೊಂದಿಸುವುದು. ಮಗಳಿಗೆ ಅವನು ಅದನ್ನು ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದ.

"ಇದಕ್ಕೆ ಕಣ್ಣಿಲ್ಲ ಮರಿ. ತಲೆ ಮೇಲೆ ಎಷ್ಟು ಭಾರ ಒತ್ತತ್ತೆ ಅನ್ನೋದಷ್ಟೇ ಗೊತ್ತು. ನೀರಾದ್ರೆ ಜಾಸ್ತಿ ಒತ್ತತ್ತೆ, ಥಿನ್ನರ್ ಆದ್ರೆ ಕಮ್ಮಿ. ಮೇಲಿರೋದು ಏನು ಅಂತ ನಾವು ಹೇಳಿಕೊಡಬೇಕು. ಇಲ್ದಿದ್ರೆ ಟ್ಯಾಂಕು ತುಂಬಿ ತುಳುಕ್ತಿದ್ರೂ ಇನ್ನೂ ಮುಕ್ಕಾಲು ಅಂತ ಸುಳ್ಳು ಹೇಳ್ತಾ ಕೂತಿರತ್ತೆ."

ಅದಕ್ಕೇ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಮೀಟರಿಗೆ ಕೈ ಹಚ್ಚುವ ಮೊದಲು ಕೆಳಗಿನವನು ಮೇಲೆ ಟ್ಯಾಂಕು ತುಂಬಿಸುವ ಆಪರೇಟರನ್ನು ಕೂಗಿ ಕೇಳಬೇಕು: "ಒಳಗೇನು?" ಮೇಲಿನವನು ಟ್ಯಾಂಕಿಗೆ ಹೋಗುವುದರ ಹೆಸರು ಕೂಗಬೇಕು. ಕೆಳಗಿನವನು ಅದನ್ನೇ ತಿರುಗಿ ಕೂಗಬೇಕು. ಟ್ಯಾಂಕಿಗೆ ತೂಗುಹಾಕಿದ ಫಲಕದಲ್ಲಿ ಏನೇ ಬರೆದಿರಲಿ, ಬಾಯಿಂದ ಬಾಯಿಗೆ ಬಂದ ಮೇಲೇ ಸ್ಕ್ರೂಡ್ರೈವರ್. ಕೆಳಗೆ ಅಪ್ಪ, ಮೇಲೆ ಚಿಕ್ಕಪ್ಪ. ಇಬ್ಬರ ಕೂಗು ಗೇಟಿನವರೆಗೂ ಕೇಳುತ್ತಿತ್ತಂತೆ.

ಆದರೆ ವರ್ಷಗಳ ಹಿಂದೆ ಒಂದು ತಿಂಗಳು ಅವರಿಗೆ ಮಾತಿರಲಿಲ್ಲ. ಚಿಕ್ಕಪ್ಪನ ಬಚ್ಚಲು ಅಪ್ಪನ ಅಡುಗೆಮನೆಗೆ ಸೋರುತ್ತಿತ್ತು. ಅಮ್ಮ ಅದರಡಿ ಪಾತ್ರೆಯಿಟ್ಟು ಊರಿಗೆಲ್ಲ ತೋರಿಸಿದಳು. "ಅದರಲ್ಲೇ ಅಡುಗೆ ಮಾಡ್ಕೊಳ್ಲಿ, ನೀರಿನ ಬಿಲ್ ಉಳಿಯತ್ತೆ," ಎಂದಳು ಚಿಕ್ಕಮ್ಮ. ಮಾತಿಗೆ ಮಾತು ಬೆಳೆದು ಅಣ್ಣತಮ್ಮಂದಿರು ಮುಖ ತಿರುಗಿಸಿದರು. ಆ ಸಿಟ್ಟನ್ನು ಊಟದ ಡಬ್ಬಿಯ ಹಾಗೆ ಕಾರ್ಖಾನೆಗೂ ಹೊತ್ತರು.

ಸೋರಿಕೆ ಪರೀಕ್ಷೆಗೆಂದು ನೀರು ತುಂಬಿ ಖಾಲಿ ಮಾಡಿದ್ದ ಟ್ಯಾಂಕಿಗೆ ಅಂದು ಥಿನ್ನರ್ ಬರುವುದಿತ್ತು. ಚಿಕ್ಕಪ್ಪನಿಗೆ ಗೊತ್ತಿತ್ತು. ಅಪ್ಪ ತಳದಲ್ಲಿ, ಮೀಟರನ್ನು ಒತ್ತಿ ಪರೀಕ್ಷಿಸುವ ಕೈಪಂಪು ಜೋಡಿಸಿ ತಲೆಯೆತ್ತಿದ. ತಮ್ಮ ಮೇಲೆ ಕಂಬಿಗೆ ಒರಗಿ ನಿಂತಿದ್ದ. ಇಬ್ಬರೂ ನೋಡಿಕೊಂಡರು. ಅಪ್ಪ ಫಲಕ ಓದಿದ, ನೀರು ಎಂದಿತ್ತು. ನೀರಿಗೇ ಹೊಂದಿಸಿ, ಸಾಮಾನು ಕಟ್ಟಿಕೊಂಡು ಹೊರಟ.

ಸಂಜೆ, ಮೀಟರು ಮುಕ್ಕಾಲು ತೋರಿಸುತ್ತಿರುವಾಗಲೇ ಥಿನ್ನರ್ ಟ್ಯಾಂಕಿನ ನೆತ್ತಿಯಿಂದ ಉಕ್ಕಿ ಕೆಳಗಿಳಿಯಿತು. ಬೆಂಕಿ ಬೀಳದ್ದು ಪುಣ್ಯ. ವಿಚಾರಣೆಯಲ್ಲಿ ಅಪ್ಪ, "ಆಪರೇಟರು ಹೇಳಲಿಲ್ಲ," ಎಂದ. ಅದು ನಿಜ. ನೀನು ಕೇಳಿದೆಯಾ ಎಂದಾಗ, "ನಾನು ಯಾವಾಗಲೂ ಕೇಳ್ತೀನಿ," ಎಂದ. ಅದೂ ನಿಜವೇ, ಆ ಒಂದು ದಿನ ಬಿಟ್ಟರೆ. ಕೇಳಿದರೂ ಹೇಳಲಿಲ್ಲವೆಂದು ಚಿಕ್ಕಪ್ಪನ ಕೆಲಸ ಹೋಯಿತು.

ವಿಚಾರಣೆ ಮುಗಿಸಿ ಮನೆಗೆ ಬಂದು ಬಚ್ಚಲಲ್ಲಿ ಕೈ ತೊಳೆಯುತ್ತ, ಟವೆಲ್ ಹಿಡಿದು ನಿಂತ ಮಗಳಿಗೆ ಅಪ್ಪ ಹೇಳಿದ್ದ: "ಕೇಳಲಿಲ್ಲ ಕಣೇ. ನಾನೇ ಮೊದಲು ಮಾತಾಡಿದ ಹಾಗಾಗತ್ತೆ ಅಂತ."

ಹಿಂದೆ ನಿಂತಿದ್ದ ಅಮ್ಮನಿಗೂ ಕೇಳಿಸಿತ್ತು. "ಈ ಮಾತು ಈ ಬಚ್ಚಲು ದಾಟಬಾರದು," ಎಂದಿದ್ದಳು.

* * *

"ನನಗೆ ಇನ್ನೊಂದು ಕಡೆ ಹೋಗೋದಿದೆ," ಡ್ರೈವರ್ ಹೇಳಿದ. "ನ್ಯಾಯ ಆಮೇಲೆ ಮಾಡ್ಕೊಳ್ಳಿ."

ಅಮ್ಮ ಹೊಸ್ತಿಲಿಗೆ ಬಂದಿದ್ದಳು. "ನನ್ನ ಗಂಡನ್ನ ಸುಳ್ಳ ಅನ್ನಿಸಿ ಕಳಿಸ್ಬೇಕಾ?" ಮಗಳ ಮೊಣಕೈ ಹಿಡಿದಳು; ಉಗುರು ನೆಟ್ಟಿತು. "ಬಾಯಿ ಬಿಟ್ಟೀಯೆ."

ಮೇಲಿನಿಂದ ಚಿಕ್ಕಮ್ಮ ಬಗ್ಗಿ ನೋಡಿದಳು. "ಬಿಡಲ್ಲ ಬಿಡಿ. ಆ ಮನೇಲಿ ಬಾಯಿರೋದು ಉಣ್ಣೋಕೆ ಮಾತ್ರ."

ಮಗಳು ಪೆಟ್ಟಿಗೆಯ ಮುಚ್ಚಳ ನೋಡುತ್ತ ನಿಂತಳು. ಹೇಳಿದರೆ ಅಪ್ಪ ಸುಳ್ಳನಾಗಿ ಮೆಟ್ಟಿಲಿಳಿಯುತ್ತಾನೆ. ಹೇಳದಿದ್ದರೆ ಒಡಹುಟ್ಟಿದವನ ಭುಜವಿಲ್ಲದೆ.

"ಅಪ್ಪ ಕೇಳಲಿಲ್ಲ," ಎಂದಳು. ಯಾರಿಗೂ ಕೇಳಿಸಲಿಲ್ಲವೇನೋ ಅನ್ನಿಸಿ ಇನ್ನೊಮ್ಮೆ ಹೇಳಿದಳು. "ಅವತ್ತು ಅಪ್ಪ ಕೇಳಲಿಲ್ಲ. ಅಪ್ಪನೇ ನನಗೆ ಹೇಳಿದ್ದ."

ಅಮ್ಮನ ಕೈ ಸಡಿಲವಾಯಿತು. "ನೀನು ಅವರ ಮಗಳೇ ಅಲ್ಲ," ಎಂದವಳು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಸ್ಟೋರ್‌ಕೀಪರ್ ಕೆಮ್ಮಿದ. ಎಲ್ಲರೂ ಚಿಕ್ಕಪ್ಪನತ್ತ ನೋಡಿದರು. ಅವನು ಕದಲಲಿಲ್ಲ.

"ನಿನಗೆ ಗೊತ್ತಿತ್ತು," ಎಂದ. "ಇಷ್ಟು ವರ್ಷ. ದಿನಾ ಇದೇ ಮೆಟ್ಟಿಲಲ್ಲಿ ಎದುರಾಗ್ತಿದ್ದೆ."

"ನೀವೂ ಕೇಳಲಿಲ್ಲ ಚಿಕ್ಕಪ್ಪ."

ಅವನು ಮುಖ ಗೋಡೆಗೆ ತಿರುಗಿಸಿದ. ಅವಳು ಇನ್ನು ಕಾಯಲಿಲ್ಲ. ಚಪ್ಪಲಿ ಕಳಚಿ, ತೋಳು ಮೇಲಕ್ಕೇರಿಸಿ, ನಾಲ್ಕನೆಯ ಮೂಲೆಗೆ ತಾನೇ ಭುಜ ಕೊಟ್ಟಳು. ನಾಲ್ವರಲ್ಲಿ ಅವಳೇ ಗಿಡ್ಡ. ಎತ್ತಿದೊಡನೆ ಪೆಟ್ಟಿಗೆ ಅವಳತ್ತ ವಾಲಿತು. "ಮೆಲ್ಲಗೆ ಮಗಾ, ಮೆಲ್ಲಗೆ," ಎಂದ ವೆಲ್ಡರ್.

ಮೊದಲ ತಿರುವಿನಲ್ಲಿ ಹಿಂದೆ ಹೆಜ್ಜೆಯ ಸದ್ದಾಯಿತು. ಚಿಕ್ಕಪ್ಪ ಗೋಡೆಯನ್ನು ಸವರಿಕೊಂಡು ಅವಳ ಪಕ್ಕಕ್ಕೆ ಬಂದಿದ್ದ. ವಾಲಿದ ಮೂಲೆಯ ಕೆಳಗೆ, ಜಾರಿದರೆ ಹಿಡಿಯಲೆಂಬಂತೆ, ಅವನ ಅಂಗೈ ಬಂತು; ಮುಟ್ಟಲಿಲ್ಲ. ಮರಕ್ಕೂ ಕೈಗೂ ನಡುವೆ ಬೆರಳಗಲದ ಬೆಳಕಿನ ಸಂದು. ಅವಳು ಇಳಿದರೆ ಕೈ ಇಳಿಯಿತು, ನಿಂತರೆ ನಿಂತಿತು. ಕೊನೆಯ ಮೆಟ್ಟಿಲಿನವರೆಗೂ ಆ ಬೆಳಕು ಹಾಗೇ ಉಳಿಯಿತು.