ಕಿಟಕಿ ಪಕ್ಕದ ಹೆಂಗಸು

ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದು ಬರೆದು ಅವನ ಹೆಸರೇ ಅಕ್ಷರದಣ್ಣ ಅಂತಾಗಿಬಿಟ್ಟಿತ್ತು. ಗೆರೆ ಎಳೆಯುವುದರಲ್ಲಿ ಎತ್ತಿದ ಕೈ. ಹೆಂಡತಿ ತೀರಿಹೋದ ಮೇಲೆ ಆ ಕೈಗೆ ಕೆಲಸ ಬೇಡವಾಯಿತು. ಅಪ್ಪ ದಿನವಿಡೀ ಗೋಡೆ ನೋಡುತ್ತ ಕೂರುವುದನ್ನು ಸಹಿಸಲಾಗದೆ ಮಗಳು ಅವನನ್ನು ಆಯಿಲ್ ಪೇಂಟಿಂಗ್ ಕ್ಲಾಸಿಗೆ ದಬ್ಬಿದಳು.

ಅಲ್ಲಿ ಟೀಚರಮ್ಮ ನಕಲು ಮಾಡಲು ಒಂದು ಹಳೇ ವಿದೇಶಿ ಚಿತ್ರ ಕೊಟ್ಟಳು. ಬಿಸಿಲು ಬಿದ್ದ ಕೋಣೆ, ಕಿಟಕಿ ಪಕ್ಕ ತಲೆ ಬಗ್ಗಿಸಿ ಹೊಲಿಯುವ ಹೆಂಗಸು, ನೆಲದ ಮೇಲೊಂದು ಮಗು. ಈ ಪುಣ್ಯಾತ್ಮ ಸ್ಕೇಲು ಹಿಡಿದು ಸುತ್ತ ಕಪ್ಪು ಗೆರೆ ಎಳೆದು ಒಳಗೆ ಬಣ್ಣ ತುಂಬಿದ. ಹೆಂಗಸು ದರ್ಜಿ ಅಂಗಡಿಯ ಜಾಹೀರಾತಿನಂತೆ ಕಂಡಳು.

"ಅಣ್ಣಾ, ಗೆರೆ ಬಿಟ್ಬಿಡಿ. ಬೆಳಕು ಎಲ್ಲಿ ಬಿದ್ದಿದೆ ನೋಡಿ, ಅಲ್ಲಿ ಬಣ್ಣ ಇಡಿ."

"ನೆರಳಿಗೆ ಕಪ್ಪು ತಾನೇ ಮೇಡಂ?"

"ಸರಿಯಾಗಿ ನೋಡಿ. ಅದು ನೀಲಿ."

ನೋಡಿದ. ನೀಲಿಯೇ. ಅಷ್ಟು ವರ್ಷ ಒಂದೊಂದು ಅಕ್ಷರದ ಬಲಗಡೆಗೂ ಕಪ್ಪು ನೆರಳು ಬರೆದವನಿಗೆ ನಾಚಿಕೆಯಾಯಿತು.

ಅಲ್ಲಿಂದ ಒಂದೇ ಹಂಬಲ ಹತ್ತಿತು: ಈ ಹೆಂಗಸಿನ ಜಾಗದಲ್ಲಿ ತನ್ನ ಹೆಂಡತಿಯನ್ನು ಕೂರಿಸಬೇಕು. ಮನೆಯಲ್ಲಿದ್ದದ್ದು ಅವಳ ಗುರುತಿನ ಚೀಟಿಯ ಫೋಟೋ ಒಂದೇ. ಅದರಲ್ಲಿ ಮುಖವೆಲ್ಲ ಮಸಿ. ಆದರೇನು, ಕಣ್ಣು ಮುಚ್ಚಿದರೆ ಅವಳು ಕಾಣುತ್ತಿದ್ದಳು. ಸಂಜೆ ಕೆಲಸ ಮುಗಿಸಿ ಬಂದಾಗ ಕಿಟಕಿ ಹತ್ತಿರ ಬಗ್ಗಿದ ತಲೆ, ಮೇಲೆತ್ತಿ ಕಟ್ಟಿದ ಕೂದಲು, ಮಡಿಲಲ್ಲಿ ಬಟ್ಟೆ. ನಕಲಿನ ಮೇಲೆಯೇ ಮೂರು ತಿಂಗಳು ಒದ್ದಾಡಿದ. ಹಸಿ ಬಣ್ಣದ ಮೇಲೆ ಬಣ್ಣ ಹಾಕಿ ಕೆಸರು ಮಾಡಿದ, ಚಾಕುವಿನಿಂದ ಕೆರೆದ, ಒಣಗಲು ಕಾದ, ಮತ್ತೆ ಹಚ್ಚಿದ. ಮುಖ ಹೇಗೂ ಬಗ್ಗಿತ್ತು. ಕತ್ತು, ಭುಜ, ಮಣಿಕಟ್ಟು ಮಾತ್ರ ಥೇಟ್ ಅವಳದೇ. ಮುಗಿದ ದಿನ ಸಂತೋಷಕ್ಕೆ ಕಣ್ಣು ತುಂಬಿತು.

ಭಾನುವಾರ ಬೆಳಿಗ್ಗೆ ಚಿತ್ರವನ್ನು ಮನೆಗೆ ತಂದು ಕುರ್ಚಿಯ ಮೇಲಿಟ್ಟು ಮಗಳನ್ನು ಕರೆದ.

"ಯಾರು ಹೇಳು ನೋಡೋಣ."

ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. "ನಾನು," ಅಂದಳು. ಅವಳ ಮುಖ ಅರಳಿತ್ತು.

"ಹುಚ್ಚಿ, ನಿಮ್ಮಮ್ಮ ಕಣೇ. ದಿನಾ ಸಂಜೆ ಹಿಂಗೇ ಕೂತು ಹೊಲೀತಿದ್ಲಲ್ಲ."

ಅರಳಿದ ಮುಖ ಬಾಡಿತು. "ಅಪ್ಪ, ಅಮ್ಮನ ಕೈ ನಡುಗ್ತಿತ್ತು. ಕೊನೇ ಒಂಬತ್ತು ವರ್ಷ ಸೂಜಿ ಮುಟ್ಟಿಲ್ಲ ಅವಳು. ಅಲ್ಲಿ ಕೂತು ಹೊಲೀತಿದ್ದಿದ್ದು ನಾನು."

ಅಕ್ಷರದಣ್ಣ ಚಿತ್ರದ ಕಡೆ ತಿರುಗಿದ. "ಮತ್ತೆ ಅವಳು?"

"ಒಳಗಿನ ರೂಮಲ್ಲಿ. ನೀನು ಬರೋ ಹೊತ್ತಿಗೆ ನನ್ನ ಹತ್ರ ತಲೆ ಬಾಚಿಸ್ಕೊಂಡು ಎದ್ದು ಕೂರೋಳು. ನೀನು ಬಾಗಿಲಲ್ಲೇ ನಿಂತು 'ಮಾತ್ರೆ ತಗೊಂಡ್ಯಾ' ಅಂತ ಕೇಳಿ ಹೋಗ್ಬಿಡ್ತಿದ್ದೆ. ಆಮೇಲೆ ಮಲ್ಕೊಳೋಳು."

ಮಗಳು ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವನು ಒಳಗಿನ ಕೋಣೆಯ ಬಾಗಿಲ ಬಳಿ ಹೋಗಿ ನಿಂತ. ಆ ಬಾಗಿಲಿಗೆ ಯಾವ ವರ್ಷ ಯಾವ ಬಣ್ಣ ಬಳಿದಿದ್ದನೆಂಬುದು ಚೆನ್ನಾಗಿ ನೆನಪಿತ್ತು. ಒಳಗೆ ತಲೆ ಬಾಚಿಕೊಂಡು ಕಾದು ಕೂತವಳ ಮುಖ ಮಾತ್ರ, ಎಷ್ಟು ಸಲ ಕಣ್ಣು ಮುಚ್ಚಿದರೂ ಬರಲಿಲ್ಲ.