ಹೆಣದ ಕಣ್ಣಲ್ಲಿ ನೀರು

ಹಳೆಯ ಕಪ್ಪು ಬಿಳುಪು ಸಿನಿಮಾಗಳಲ್ಲಿ ಗುಡುಗಿದ್ದ ಪಾಲಾಕ್ಷಪ್ಪನವರಿಗೆ ಗಂಟಲಿನ ಆಪರೇಷನ್ ಆದಮೇಲೆ ದನಿಯೇ ಹೋಗಿತ್ತು. ೧೯೯೮ರಲ್ಲಿ ಕೊಟ್ಟೂರಿನವರು ಸನ್ಮಾನ ಇಟ್ಟುಕೊಂಡಾಗ, ಹೇಳಬೇಕಾದ್ದನ್ನೆಲ್ಲ ಕೈಯಾರೆ ಬರೆದರು. ಬರೆದದ್ದೆಲ್ಲ ತಮ್ಮ ಜೊತೆಗೆ ನಟಿಸಿದ್ದ ಹಡಗಲಿಯ ದುರ್ಗಾದೇವಿಯ ಬಗ್ಗೆ. ನಾಟಕ ಕಂಪನಿಯಿಂದ ಬಂದ ಆಕೆಯನ್ನು ಸಿನಿಮಾದವರೂ ಮರೆತರು, ಊರವರೂ ಮರೆತರು. ತಾವು ಕಣ್ಣು ಮುಚ್ಚುವುದರೊಳಗೆ ಆಕೆಯ ದೊಡ್ಡತನ ಈ ಜನರ ಕಿವಿಗೆ ಬೀಳಬೇಕು, ಅದೊಂದೇ ಅವರ ಹಟ. ಹೇಳಿ ಕಳಿಸಿ ಆಕೆಯನ್ನೂ ಕರೆಸಿದ್ದರು, ಯಾಕೆಂದು ಮಾತ್ರ ತಿಳಿಸಿರಲಿಲ್ಲ.

ಓದಲು ನಿಂತ, ಸನ್ಮಾನ ಇಟ್ಟುಕೊಂಡಿದ್ದ ಸಂಘದ ಮಂಜಣ್ಣ ಮೊದಲ ಸಾಲಿಗೇ ತೊದಲಿದ. "ಏನು ಅಕ್ಷರರಿ ಇವು, ಕೋಳಿ ಕೆದರಿದಂಗ ಅದಾವ" ಎಂದು ಕೈಚೆಲ್ಲಿದ. ಜನ ನಕ್ಕರು.

ಹೆಂಗಸರ ನಡುವಿನಿಂದ ದುರ್ಗಾದೇವಿ ಎದ್ದು ಬಂದರು. "ಕೊಡು ತಮ್ಮಾ. ಸಿನಿಮಾದಾಗ ನನ್ನ ಮಾತೆಲ್ಲ ಇವ್ರೇ ಬರದು ಕೊಡ್ತಿದ್ರು. ಈ ಅಕ್ಷರ ನನಗ ತಿಳಿತೈತಿ."

ಕಂಪನಿಯ ಗಂಟಲು, ಮೈಕೇ ಬೇಕಿರಲಿಲ್ಲ. "ಮೈಲಾರದ ಹತ್ತಿರ ಹೊಳೆದಂಡೆಯಲ್ಲಿ ಶೂಟಿಂಗ್. ನಾನು ಹೆಣವಾಗಿ ಮಲಗಿದ್ದೆ. ದುರ್ಗಾದೇವಿ ನನ್ನ ಹೆಂಡತಿಯಾಗಿ ಅಳಬೇಕು. ಅತ್ತರು. ನೋಡಲು ಬಂದಿದ್ದ ಜನ ಇದನ್ನೂ ನಾಟಕವೆಂದುಕೊಂಡು ಒನ್ಸ್ ಮೋರ್ ಎಂದು ಕೂಗಿಬಿಟ್ಟರು. ರೀಲು ಹಾಳಾಯಿತೆಂದು ಡೈರೆಕ್ಟರ್ ಹಾರಾಡಿದ. ಆದರೆ ಆಕೆ, ಕಂಪನಿಯ ಪದ್ಧತಿಯಂತೆ, ಜನಕ್ಕೆ ಕೈಮುಗಿದು ಮೊದಲಿನಿಂದ ಅತ್ತರು. ಡೈರೆಕ್ಟರೂ ಬಾಯಿ ಮುಚ್ಚಿಕೊಂಡು ಕ್ಯಾಮೆರಾ ಓಡಿಸಿದ. ಆಗ..."

ಆಕೆ ತಟ್ಟನೆ ನಿಂತರು. ಉಳಿದ ಸಾಲುಗಳ ಮೇಲೆ ಕಣ್ಣಾಡಿಸಿ, "ಮುಂದ ಸುಮ್ನ ನನ್ನ ಹೊಗಳ್ಯಾರ. ಇರ್ಲಿ ಬಿಡ್ರಿ" ಎಂದು ಹಾಳೆ ಮಡಚಿದರು.

ಪಾಲಾಕ್ಷಪ್ಪನವರಿಗೆ ಸಿಟ್ಟು ನೆತ್ತಿಗೇರಿತು. ಇಷ್ಟೆಲ್ಲ ಬರೆದದ್ದೇ ಆ ಸಾಲುಗಳಿಗಾಗಿ. ಕೂಗೋಣವೆಂದರೆ ದನಿಯಿಲ್ಲ. ಎದ್ದು ನಿಂತು, ಸಭೆಯ ಕಡೆ ತಿರುಗಿ, ಒಂದು ಬೆರಳು ಎತ್ತಿ ತೋರಿಸಿದರು. ನಾಟಕ ನೋಡಿಯೇ ಬೆಳೆದ ಜನಕ್ಕೆ ಬಿಡಿಸಿ ಹೇಳಬೇಕೆ? ಹಿಂದಿನಿಂದ ಯಾರೋ "ಒನ್ಸ್ ಮೋರ್" ಎಂದು ಕೂಗಿದರು. ಮರುಗಳಿಗೆಯಲ್ಲಿ ಇಡೀ ಸಭೆ ಕೂಗುತ್ತಿತ್ತು.

ಜನ ಕೇಳಿದಮೇಲೆ ಒಲ್ಲೆ ಎನ್ನುವುದು ಕಂಪನಿಯ ಹೆಣ್ಣಿಗೆ ಗೊತ್ತೇ ಇಲ್ಲ. ದುರ್ಗಾದೇವಿ ಕೈಮುಗಿದರು, ಹಾಳೆ ಬಿಡಿಸಿ ಮೊದಲಿನಿಂದ ಓದಿದರು. ಈ ಸಲ ನಿಲ್ಲಲಿಲ್ಲ.

"ಆಗ ಸತ್ತು ಮಲಗಿದ್ದ ನನ್ನ ಕಣ್ಣಿಂದ ದಳದಳ ನೀರು ಇಳಿಯಿತು. ಹೆಣ ಅಳುತ್ತಿದೆ ಎಂದು ಕ್ಯಾಮೆರಾದವನು ನನ್ನ ಮುಖ ಬಿಟ್ಟು ಆಕೆಯನ್ನಷ್ಟೇ ತೆಗೆದ. ನೀವೆಲ್ಲ ಇಂದಿಗೂ ನೆನೆಯುವ ದೃಶ್ಯ ಅದೇ. ನನ್ನ ಸಿನಿಮಾ ಎನ್ನುತ್ತೀರಿ. ಅಲ್ಲ, ಅದು ದುರ್ಗಾದೇವಿಯ ಸಿನಿಮಾ. ಅಂಥ ನಟಿಯ ಮುಂದೆ ಸತ್ತು ಮಲಗಿದ್ದು ನನ್ನ ಪುಣ್ಯ."

ಕುಳಿತಿದ್ದ ಜನರೆಲ್ಲ ಎದ್ದು ನಿಂತರು. ಚಪ್ಪಾಳೆಗೆ ಶಾಮಿಯಾನವೇ ಅದುರಿತು. ಪಾಲಾಕ್ಷಪ್ಪನವರಿಗೆ ಎದೆ ತುಂಬಿ ಬಂತು, ಗೆದ್ದೆ ಅನ್ನಿಸಿತು.

ದುರ್ಗಾದೇವಿ ಪಾಲಾಕ್ಷಪ್ಪನವರ ಮುಖವನ್ನೇ ನೋಡಿ, ಮೈಕಿನ ಹತ್ತಿರ ಬಾಗಿದರು.

"ನೋಡ್ರಿ," ಎಂದರು, "ಹೆಣ ಮತ್ತ ಅಳಾಕತ್ತೈತಿ."