ಕಾಯಿಸದೆ ಕೊಟ್ಟ ಕಂಪ್ಯೂಟರ್

"ಒಂಬತ್ತನೇ ಕ್ಲಾಸು ದಾಟೋಕಾಗದವನನ್ನ ನಂಬಿಕೊಂಡು ಬಂದಿದ್ದೀಯಲ್ಲ ಪುಟ್ಟಿ, ಇವನು ನಿನಗೆ ಕೋಳಿಗೂಡು ಕೊಡಿಸ್ತಾನೆ ನೋಡು!"

ಸೋದರಮಾವ ನನ್ನ ತಂಗಿಗೆ ಹೀಗೆಂದದ್ದು ಮನೆಯೊಳಗಲ್ಲ, ನಾನು ಕೆಲಸ ಮಾಡುವ ಕಂಪ್ಯೂಟರ್ ಅಂಗಡಿಯಲ್ಲಿ. ಕೌಂಟರಿನ ಆಚೆ ನಾಲ್ಕು ಜನ ಗಿರಾಕಿಗಳು, ಈಚೆ ಮಾಲೀಕರು. ಕೀಬೋರ್ಡ್ ಒತ್ತಿ ನೋಡುತ್ತಿದ್ದ ಇಬ್ಬರು ಹೆಂಗಸರು ಕಿಸಕ್ಕನೆ ನಕ್ಕರು. ಮಾಲೀಕರೂ ನಕ್ಕರು. ನನಗೆ ಹೆಚ್ಚು ಚುಚ್ಚಿದ್ದು ಅದು.

ಕೋಳಿಗೂಡು ಎಂದದ್ದು ತಂಗಿಯ ಕಂಪ್ಯೂಟರಿಗೆಂದು ನಾನು ಆರಿಸಿಟ್ಟ ಹೊರಡಬ್ಬಕ್ಕೆ, ಕ್ಯಾಬಿನೆಟ್ಟಿಗೆ. ಕಪ್ಪು ತಗಡು, ಮುಂಭಾಗಕ್ಕೆ ಜಾಲರಿ, ಒಂದೇ ಒಂದು ದೀಪವಿಲ್ಲ. ನೋಡಲು ಏನೂ ಅಲ್ಲ, ಆದರೆ ಒಳಗೆ ಗಾಳಿ ಚೆನ್ನಾಗಿ ಆಡುತ್ತದೆ. ಕಡಿಮೆ ದುಡ್ಡಿನಲ್ಲಿ ಗೇಮಿಂಗ್ ಕಂಪ್ಯೂಟರ್ ಕಟ್ಟುವವನು ಮೊದಲು ಗ್ರಾಫಿಕ್ಸ್ ಕಾರ್ಡಿಗೆ ಎತ್ತಿಡಬೇಕು, ಆಮೇಲೆ ಪ್ರೊಸೆಸರಿಗೆ. ಪವರ್ ಸಪ್ಲೈಯಲ್ಲಿ ಜಿಪುಣತನ ಕೂಡದು. ಮಿಕ್ಕಿದ್ದರಲ್ಲಿ ಡಬ್ಬ. ಇದನ್ನು ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ. ಆರು ವರ್ಷ ತಗಡಿನ ಅಂಚಿಗೆ ಬೆರಳು ಕುಯ್ದುಕೊಂಡು ಕಲಿತದ್ದು.

ತಂಗಿ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತಾಳೆ. ಬಾಡಿಗೆ ಕಂಪ್ಯೂಟರುಗಳಲ್ಲಿ ಗೇಮ್ ಆಡಿ ಆಡಿಯೇ ಒಂದು ದೊಡ್ಡ ತಂಡದ ಕಣ್ಣಿಗೆ ಬಿದ್ದಿದ್ದಳು. ಮರುದಿನ ಮಧ್ಯಾಹ್ನ ಆಯ್ಕೆಯ ಪಂದ್ಯ. ಮನೆಯಿಂದ, ಸ್ವಂತ ಕಂಪ್ಯೂಟರಿನಲ್ಲಿ ಆಡಬೇಕು. ಆಯ್ಕೆಯಾದರೆ ತಿಂಗಳ ಸಂಬಳ ಕೊಟ್ಟು ಆಡಿಸುತ್ತಾರೆ, ಗುಂಡಿ ಹಾಕುವುದು ತಪ್ಪುತ್ತದೆ.

"ಇದು ನೋಡು, ಇದು!" ಮಾವ ಮುಂದೆಯೂ ಪಕ್ಕದಲ್ಲೂ ಗಾಜಿರುವ, ಒಳಗೆ ಬಣ್ಣಬಣ್ಣದ ಫ್ಯಾನು ತಿರುಗುವ ಕ್ಯಾಬಿನೆಟ್ ತೋರಿಸಿದರು. "ಮನೆಗೆ ಬಂದವರು ಹೌದಪ್ಪಾ ಅನ್ನಬೇಕು. ಹೆಚ್ಚಿಗೆ ಆಗೋದು ನಾನು ಕೊಡ್ತೀನಿ. ನನ್ನ ಸೊಸೆಗೆ ಅಷ್ಟೂ ಮಾಡಬಾರದಾ?"

"ಅದರಲ್ಲಿ ಗಾಳಿ ಆಡಲ್ಲ ಮಾವ."

"ಗಾಳಿಗೆ ಬಿಡೋಕೆ ಅದೇನು ಎಮ್ಮೆಯೇನೋ?"

ಮತ್ತೆ ನಗು. ನನ್ನ ಮೈಯೆಲ್ಲ ಉರಿದುಹೋಯಿತು. "ಅದನ್ನೇ ತಗೊಳ್ಳಿ. ನಾಳೆ ಸುಟ್ಟುಹೋದರೆ ನನ್ನನ್ನ ಕೇಳಬೇಡಿ" ಎಂದೆ. ತಂಗಿ ನನ್ನ ಮುಖ ನೋಡಿದಳು. ನಾನು ಬೇಡ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಅವಳು ಜಾಲರಿಯದನ್ನೇ ಒಯ್ಯುತ್ತಿದ್ದಳು. ನಾನು ಅನ್ನಲಿಲ್ಲ.

ಒಳಗಿನ ಮೇಜಿನ ಮೇಲೆ ಕಟ್ಟಲು ಕೂತೆ. ಮಾವ ಬೆನ್ನ ಹಿಂದೆಯೇ ನಿಂತರು. "ಅಷ್ಟು ಜೋರಾಗಿ ಒತ್ತಬೇಡ್ವೋ, ಮುರಿದೀತು. ಆ ವೈರು ಅಲ್ಲಿಗೇನಾ? ಗ್ಯಾರಂಟಿನಾ?" ನನ್ನ ಕೈ ಕೆಲಸ ಮಾಡುತ್ತಿತ್ತು, ತಲೆ ಮಾತ್ರ ಅವರಿಗೆ ಕೊಡಬೇಕಾದ ಉತ್ತರಗಳನ್ನು ಮಸೆಯುತ್ತಿತ್ತು.

ನಮ್ಮ ಅಂಗಡಿಯಲ್ಲೊಂದು ಕಟ್ಟಳೆಯಿದೆ. ಕಟ್ಟಿ ಮುಗಿದ ಯಂತ್ರವನ್ನು ಎರಡು ಗಂಟೆ ಪೂರ್ತಿ ಕೆಲಸದ ಭಾರ ಹಾಕಿ ಓಡಿಸಿ, ಬಿಸಿ ಎಷ್ಟೇರುತ್ತದೆಂದು ನೋಡಿಯೇ ಗಿರಾಕಿಯ ಕೈಗೆ ಕೊಡಬೇಕು. ಇದಕ್ಕೆ ಕಾಯಿಸುವುದು ಎನ್ನುತ್ತೇವೆ. ಮಾಲೀಕರು ಊಟಕ್ಕೆ ಹೋಗಿದ್ದರು.

"ಎರಡು ಗಂಟೆನಾ?" ಮಾವ ಬಾಯಿ ತೆರೆದರು. "ನಿನ್ನ ಕೈಕೆಲಸದ ಮೇಲೆ ನಿನಗೇ ನಂಬಿಕೆ ಇಲ್ವಾ?"

ಪ್ಲಗ್ ಕಿತ್ತು, ರಟ್ಟಿನ ಪೆಟ್ಟಿಗೆಗೆ ತುಂಬಿ, ಟೇಪು ಸುತ್ತಿ ಕೊಟ್ಟೆ.

ಮರುದಿನ ಮಧ್ಯಾಹ್ನ ತಂಗಿಯ ಫೋನು ಬಂತು. ಪಂದ್ಯದ ಇಪ್ಪತ್ತನೇ ನಿಮಿಷಕ್ಕೆ ಕಂಪ್ಯೂಟರ್ ಆರಿಹೋಗಿತ್ತು. ಮತ್ತೆ ಹಾಕಿದಳು, ಐದು ನಿಮಿಷಕ್ಕೆ ಮತ್ತೆ ಆರಿತು. ಮೂರನೇ ಸಲ ಹಾಕುವಷ್ಟರಲ್ಲಿ ಅವಳ ಜಾಗಕ್ಕೆ ಬೇರೆ ಯಾರನ್ನೋ ತಗೊಂಡಿದ್ದರು. ಅವಳು ಅಳಲಿಲ್ಲ. "ಹೋಗ್ಲಿ ಬಿಡಣ್ಣ, ಕೆಲಸಕ್ಕೆ ಹೊತ್ತಾಯ್ತು" ಎಂದು ಇಟ್ಟುಬಿಟ್ಟಳು. ಅತ್ತಿದ್ದರೆ ವಾಸಿಯಿತ್ತು.

ಸಂಜೆ ಅವಳಿಲ್ಲದಾಗ ಬಿಚ್ಚಿದೆ. ಪ್ರೊಸೆಸರಿನ ಮೇಲೆ ಕೂರುವ ಕೂಲರನ್ನು ಎತ್ತಿ ತಿರುಗಿಸಿ ನೋಡಿದರೆ, ಅದರ ತಳಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡೇ ಇತ್ತು. ಕಾರ್ಖಾನೆಯವರು ಗೀರು ಬೀಳದಿರಲೆಂದು ಅಂಟಿಸುವ ಹಾಳೆ. ಕೂರಿಸುವ ಮೊದಲು ಕೀಳಬೇಕು, ಇಲ್ಲದಿದ್ದರೆ ಬಿಸಿ ಮೇಲಕ್ಕೆ ದಾಟುವುದಿಲ್ಲ. ಹಾಗೆಂದು ಕೆಂಪಕ್ಷರದಲ್ಲಿ ಅದರ ಮೇಲೆಯೇ ಬರೆದಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳಿಕೊಡುವ ಪಾಠವೇ ಅದು. ಕಾಯಿಸಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಹಾಳೆ ಕಿತ್ತು, ಬಿಸಿ ದಾಟಿಸುವ ಪೇಸ್ಟ್ ಹೊಸದಾಗಿ ಹಚ್ಚಿ, ಅದೇ ಗಾಜಿನ ಡಬ್ಬದಲ್ಲಿ ಎರಡು ಗಂಟೆ ಓಡಿಸಿದೆ. ಏದುಸಿರು ಬಿಟ್ಟಿತು, ನಿಲ್ಲಲಿಲ್ಲ. ಗಾಜು ಒಳ್ಳೆಯದೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ತಂಗಿಯ ಜಾಗ ಕಳೆದದ್ದು ಗಾಜಲ್ಲ.

ಅಷ್ಟರಲ್ಲಿ ಮನೆಯವರ ತೀರ್ಪು ಆಗಿಹೋಗಿತ್ತು. ಅಮ್ಮ ಫೋನಿನಲ್ಲಿ ಮಾವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು: "ಹುಡುಗ ಬಡ್ಕೊಂಡ, ನೀನು ಕೇಳಲಿಲ್ಲ. ಮೇಲೆ ಥಳಕು, ಒಳಗೆ ಹುಳುಕು. ಅವನಿಗೆ ಗೊತ್ತಿರೋದರಲ್ಲಿ ಕಾಲು ಭಾಗ ನಿನಗೆ ಗೊತ್ತೇನೋ?" ಹುಟ್ಟಿದಾಗಿನಿಂದ ಅಮ್ಮ ನನ್ನ ಪರ ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿಸಿಕೊಂಡೆ. ಹಾಳೆಯನ್ನು ಮುದುರಿ ಕಸಕ್ಕೆ ಹಾಕಿದೆ.

ಮೂರನೇ ದಿನ ಮಾವ ಅಂಗಡಿಗೆ ಬಂದರು. ಗಿರಾಕಿಗಳಿದ್ದರು. ಪಕ್ಕಕ್ಕೆ ಕರೆಯುತ್ತಾರೆ ಅಂದುಕೊಂಡೆ, ಕರೆಯಲಿಲ್ಲ.

"ಮಾಲೀಕರೇ, ನೀವೂ ಕೇಳಿ. ಅವತ್ತು ಬಾಯಿಗೆ ಬಂದ ಹಾಗೆ ಮಾತಾಡಿಬಿಟ್ಟೆ. ನಾಲ್ಕು ಜನದ ಮುಂದೆ ಅಂದಿದ್ದು, ನಾಲ್ಕು ಜನದ ಮುಂದೆಯೇ ತಪ್ಪಾಯ್ತು ಅಂತೀನಿ. ಇವನು ಬೇಡ ಅಂದ, ನಾನೇ ಕೇಳಲಿಲ್ಲ."

"ನಮ್ಮ ಹುಡುಗನ ಕೈ ಸುಮ್ಮನೆ ಅಲ್ಲ ಸ್ವಾಮಿ" ಎಂದು ಮಾಲೀಕರು ನನ್ನ ಬೆನ್ನು ತಟ್ಟಿದರು. ಇಂಥ ಮಾತಿಗಾಗಿ ನಾನು ಆರು ವರ್ಷ ಕಾದಿದ್ದೆ.

ಮಾವ ಕೌಂಟರಿನ ಮೇಲೆ ಎರಡೂ ಕೈಯೂರಿದರು. ಗಡ್ಡ ಕೆರೆದಿರಲಿಲ್ಲ. "ಪುಟ್ಟಿ ಮುಖ ನೋಡೋಕಾಗ್ತಿಲ್ಲ ಕಣೋ. ನೀನಾದರೂ ಸರಿಯಾಗಿ ಹೇಳಿಬಿಡು. ಆ ಗಾಜಿನಿಂದಲೇ ತಾನೆ ಹೀಗಾಗಿದ್ದು? ನನ್ನಿಂದಲೇ ತಾನೆ ಅವಳಿಗೆ ಅನ್ಯಾಯ ಆಗಿದ್ದು?"

ಹಾಳೆಯ ಮಾತು ನಾಲಗೆಯ ತುದಿಗೆ ಬಂದಿತ್ತು. ಮಾಲೀಕರ ಕೈ ಇನ್ನೂ ನನ್ನ ಬೆನ್ನ ಮೇಲಿತ್ತು. ಸ್ಕ್ರೂಡ್ರೈವರ್ ಕೆಳಗಿಟ್ಟೆ. ಕೌಂಟರಿನ ಹಲಗೆ ಎತ್ತಿ, ಮಾವನ ತೋಳಿಗೆ ತಾಗಿಕೊಂಡೇ ಹೊರಗೆ ಬಂದು, ಬೀದಿಗಿಳಿದು ನಡೆದುಬಿಟ್ಟೆ.